ಹಾಲಸ್ವಾಮಿಯ ಗುಂಡಿಗೆ

ಮಗ ಸತ್ತು ಇನ್ನೂ ಎರಡು ತಾಸಾಗಿರಲಿಲ್ಲ, ದೊಡ್ಡಕ್ಕ ಆಗಲೇ ಸೊಸೆಯನ್ನು ಕೊಲೆಗಾತಿ ಮಾಡಿ ಕೂರಿಸಿದ್ದಳು. ಅಳೋದಕ್ಕೆ ಮುಂದೆ ಜನ್ಮವೆಲ್ಲ ಐತೆ, ಮೊದಲು ಬೈದು ಮುಗಿಸೋಣ ಅನ್ನೋ ಹಂಗೆ ದುರ್ಗದ ಆಸ್ಪತ್ರೆಯ ಜಗಲಿ ಮೇಲೆ ಕುಂತು, ಹೋಗೋರಿಗೆ ಬರೋರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

"ಮದ್ದು ಹಾಕಿ ಕೊಂದ್ಲು ಕಣ್ರಪ್ಪೋ! ಉಣ್ಣೋ ಮುದ್ದೇಲಿ ಮದ್ದಿಟ್ಟು ಕೊಂದ್ಲು! ಟಗರಿನಂಗಿದ್ದ ನನ್ ಮಗ. ಮೂವತ್ತೊಂದು ವರ್ಷದ ಗಂಡಸು ನಿಂತ ಜಾಗದಲ್ಲೇ ಬಿದ್ದು ಸಾಯ್ತಾನಾ? ನೀವೇ ಹೇಳ್ರಿ!"

ಯಾರು ಏನು ಹೇಳ್ತಾರೆ? ಚೀಟಿ ಹಿಡಿದು ಸಾಲಲ್ಲಿ ನಿಂತಿದ್ದ ಜನ ಒಮ್ಮೆ ಅವಳನ್ನು ನೋಡುತ್ತಿದ್ದರು, ಒಮ್ಮೆ ಜಗಲಿಯ ಆ ತುದಿಯಲ್ಲಿ ಕಂಬಕ್ಕೊರಗಿದ್ದ ಜಯಕ್ಕನನ್ನು ನೋಡುತ್ತಿದ್ದರು. ಜಯಕ್ಕನ ತೊಡೆ ಮೇಲೆ ನಾಲ್ಕು ವರ್ಷದ ಮಗಳು ನಿಂಗಕ್ಕ ಬನ್ನು ತಿನ್ನುತ್ತಿತ್ತು. ಜಯಕ್ಕ ತುಟಿ ಎರಡು ಮಾಡಲಿಲ್ಲ. ಈ ಅತ್ತೆಗೆ ಒಂದು ಮಾತು ತಿರುಗಿಸಿ ಆಡಿದರೆ ಹತ್ತು ಬರುತ್ತೆ ಅಂತ ಐದು ವರ್ಷದ ಸಂಸಾರದಲ್ಲಿ ಅವಳು ಚೆನ್ನಾಗಿ ಕಲಿತಿದ್ದಳು.

ಆಗಿದ್ದಿಷ್ಟೇ. ಹಿಂದಿನ ದಿನ ಹೊಳಲ್ಕೆರೆಯ ಕುರಿಸಂತೆಯಲ್ಲಿ ಹಾಲಸ್ವಾಮಿ ಒಂದು ಟಗರನ್ನು ಎದೆಮಟ್ಟ ಎತ್ತಿ ಲಾರಿಗೆ ಹತ್ತಿಸಿದ. ಎರಡನೆಯದನ್ನೂ ಹತ್ತಿಸಿದ. ಮೂರನೆಯದನ್ನು ಎತ್ತಿದವನು ಅದನ್ನು ಬಿಟ್ಟು ಹಂಗೇ ಕುಸಿದ. ಮುಖಕ್ಕೆ ನೀರು ಹಾಕಿದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ಆಮೇಲೆ ಅದೇ ಲಾರಿಯಲ್ಲಿ ಕುರಿಗಳ ನಡುವೆ ಮಲಗಿಸಿಕೊಂಡು ದುರ್ಗಕ್ಕೆ ತಂದರು. ಹಟ್ಟಿಗೆ ಸುದ್ದಿ ಮುಟ್ಟಿ ಅತ್ತೆ ಸೊಸೆ ಬಂದು ಸೇರಿದರು. ಬೆಳಗ್ಗೆ ಬಿಸಿಲು ಬರೋ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ಇವನೊಬ್ಬನೇ ಆಗಿದ್ದರೆ ಹಣೆಬರಹ ಅನ್ನಬಹುದಿತ್ತು. ಒಂಬತ್ತು ವರ್ಷದ ಹಿಂದೆ ಹಿರಿಮಗ ಜುಂಜಣ್ಣ, ಮಂದೆಗೆ ಬಿದ್ದ ತೋಳವನ್ನು ಅಟ್ಟಿಸಿಕೊಂಡು ಓಡುತ್ತ ಓಡುತ್ತ ಬಿದ್ದು ಸತ್ತಿದ್ದ. ಅವನಿಗೆ ಆಗ ಇಪ್ಪತ್ತೊಂಬತ್ತು. ತೋಳ ಅವನ ಮೈ ಮುಟ್ಟಿರಲಿಲ್ಲ. ದೊಡ್ಡಕ್ಕ ಅವತ್ತೂ ಹಿಂಗೇ ಕುಂತಿದ್ದಳು, ಹಿಂಗೇ ಕೂಗಿದ್ದಳು. ಜುಂಜಣ್ಣನ ಹೆಂಡತಿ ಬೊಮ್ಮಕ್ಕನ ಕಾಲ್ಗುಣವೇ ಮಗನನ್ನು ತಿಂತು ಅಂತ ಮೂರು ತಿಂಗಳಲ್ಲಿ ಅವಳನ್ನು ಉಟ್ಟ ಸೀರೆಯಲ್ಲಿ ತವರಿಗೆ ಅಟ್ಟಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಅಂದರೆ ಇದೇ ಅಲ್ಲವಾ?

ಉಳಿದವನು ಮೂರನೆಯವನು, ಚಿತ್ತಪ್ಪ. ಇಪ್ಪತ್ನಾಲ್ಕರ ಹುಡುಗ, ಅಣ್ಣಂದಿರಿಗಿಂತ ಅರ್ಧ ಗೇಣು ಎತ್ತರ. ಅಣ್ಣನ ಜೊತೆ ಸಂತೆಗೆ ಹೋಗಿದ್ದವನು, ಲಾರಿಯಲ್ಲೂ ಅವನ ಪಕ್ಕದಲ್ಲೇ ಕುಂತು ಬಂದಿದ್ದ. ಬರೋ ತಿಂಗಳು ಅವನ ಮದುವೆ. ಹೊಸದುರ್ಗದ ಕಡೆ ಹಾಲುರಾಮೇಶ್ವರದ ಹತ್ತಿರದ ಹಟ್ಟಿಯ ಯತ್ತಪ್ಪನ ಮಗಳನ್ನು ಕೇಳಿ, ವೀಳ್ಯ ಹಿಡಿದು ಆಗಿತ್ತು. ಆ ಯತ್ತಪ್ಪ ಸಂತೆಗೆ ಬಂದವನು, ಬೀಗರ ಕಷ್ಟ ನೋಡಿ ಅದೇ ಲಾರಿ ಹತ್ತಿ ಬಂದಿದ್ದ. ಈಗ ಜಗಲಿಯ ಮೆಟ್ಟಿಲ ಮೇಲೆ ಬೀಡಿ ಹಚ್ಚದೆ ಕೈಯಲ್ಲಿ ಹಿಡಿದು ಕುಂತಿದ್ದ. ದೊಡ್ಡಕ್ಕ ಕೂಗುತ್ತಿದ್ದರೂ ಅವಳ ಒಂದು ಕಣ್ಣು ಯತ್ತಪ್ಪನ ಮೇಲೇ ಇತ್ತು. ಒಂದೇ ಮನೆಯಲ್ಲಿ ಎರಡು ಗಂಡುಮಕ್ಕಳು ಹರೆಯದಲ್ಲೇ ಬಿದ್ದು ಸತ್ತರೆ ಹೆಣ್ಣು ಕೊಡೋನು ಏನು ಯೋಚನೆ ಮಾಡ್ತಾನೆ ಅಂತ ಅವಳಿಗೆ ಗೊತ್ತಿಲ್ಲವಾ? ಸೊಸೆ ಮದ್ದು ಹಾಕಿದಳು ಅಂತಾದರೆ ತಪ್ಪು ಸೊಸೆಯದು. ಮನೆಯದಲ್ಲ.

ಅಷ್ಟರಲ್ಲಿ ಡಾಕ್ಟ್ರು ಪರಮೇಶ್ವರಪ್ಪ ಬಂದರು. ತಿಂಗಳಿಗೆರಡು ಸಲ ದುರ್ಗಕ್ಕೆ ಬಂದು, ಎದೆರೋಗದಿಂದ ಎಳೇ ವಯಸ್ಸಿನಲ್ಲಿ ಸತ್ತವರ ವಿಚಾರ ಸಂಶೋಧನೆ ಮಾಡುತ್ತಿದ್ದವರು. ನಲವತ್ತರ ಆಸುಪಾಸು, ನಿದ್ದೆಗೆಟ್ಟ ಕಣ್ಣು. ಮಾತಿನಲ್ಲಿ ಬೆಣ್ಣೆ ಹಚ್ಚೋ ಜಾತಿಯಲ್ಲ.

"ಅಮ್ಮ, ನಿಮ್ಮ ಮಗನ ಎದೆ ನಿನ್ನೆ ನಾನೇ ಕೇಳಿದೆ. ಅದರ ಸದ್ದು ಸರಿ ಇರಲಿಲ್ಲ. ನಿಮ್ಮ ಮನೇಲಿ, ನಿಮ್ಮ ಕಡೆಯಾಗಲಿ ನಿಮ್ಮ ಯಜಮಾನರ ಕಡೆಯಾಗಲಿ, ಹಿಂಗೆ ಇದ್ದಕ್ಕಿದ್ದಂಗೆ ಬಿದ್ದು ಸತ್ತೋರು ಇದಾರಾ?"

ದೊಡ್ಡಕ್ಕ ಯತ್ತಪ್ಪನ ಕಡೆ ಕಣ್ಣು ಹಾಯಿಸಿದಳು.

ಇದ್ದರು. ಯಾಕಿಲ್ಲ? ಹಿರಿಯೂರಿನ ಮಾರಿಕಣಿವೆ ಕಡೆಯ ಅವಳ ತವರುಹಟ್ಟಿಯಲ್ಲಿ ಅವಳ ಇಬ್ಬರು ಅಣ್ಣಂದಿರು, ಮಾರಣ್ಣ ಮತ್ತು ಓಬಳೇಶಪ್ಪ, ಒಬ್ಬ ಬಾವಿಯಿಂದ ನೀರು ಸೇದುತ್ತ, ಒಬ್ಬ ಕೋಲಾಟ ಆಡುತ್ತ, ಹಿಂಗೇ ಬಿದ್ದು ಹೋಗಿದ್ದರು. ದೊಡ್ಡಕ್ಕನಿಗೆ ಗಂಡು ಹುಡುಕೋ ಹೊತ್ತಿಗೆ ಅವಳಪ್ಪ, ಒಬ್ಬನಿಗೆ ಹಾವು ಕಚ್ಚಿತು, ಒಬ್ಬ ಮರದಿಂದ ಬಿದ್ದ ಅಂತ ಕತೆ ಕಟ್ಟಿದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಆ ಎರಡು ಸುಳ್ಳಿನ ಮೇಲೆ ಅವಳ ಮದುವೆ ಆಯಿತು. ನಲವತ್ತೆರಡು ವರ್ಷ ಅವಳು ಆ ಹಾವು, ಆ ಮರ ಎರಡನ್ನೂ ಕಾಪಾಡಿಕೊಂಡು ಬಂದಿದ್ದಳು. ಹೇಳಿ ಹೇಳಿ ಅವಳಿಗೇ ಅರ್ಧ ನಂಬಿಕೆ ಬಂದಿತ್ತು.

"ಯಾರೂ ಇಲ್ಲ," ಅಂದಳು. "ನನ್ ಗಂಡ ಅರವತ್ತಕ್ಕೆ ಜ್ವರ ಬಂದು ಸತ್ತ. ನಮ್ ಕಡೆ ಎಲ್ಲ ಗಟ್ಟಿ ಆಳು. ಈ ಮನೆಹಾಳಿ ಬಂದ್ಮೇಲೆ ಆಗಿದ್ದು ಇದು."

ಡಾಕ್ಟ್ರು ಜಯಕ್ಕನ ಕಡೆ ನೋಡಿ, ಮತ್ತೆ ಇವಳ ಕಡೆ ತಿರುಗಿದರು. "ನಾನೊಂದು ಬೇಡ್ತೀನಿ. ಇವನ ಗುಂಡಿಗೆ ನಮಗೆ ಕೊಡ್ರಿ. ತೆಗೆದು ನೋಡಿದ್ರೆ ಯಾಕೆ ಸತ್ತ ಅಂತ ಗೊತ್ತಾಗುತ್ತೆ. ನಿಮ್ಮೆಲ್ಲರ ರಕ್ತಾನೂ ಸ್ವಲ್ಪ ಸ್ವಲ್ಪ ಬೇಕು. ಮಾರೋಕಲ್ಲ, ಓದೋಕೆ. ನಾಳೆ ಇನ್ನೊಬ್ಬ ಹಿಂಗೆ ಬೀಳಬಾರದಲ್ಲ, ಅದಕ್ಕೆ."

ಜಗಲಿ ಮೇಲೆ ಬೆಂಕಿ ಬಿದ್ದಂಗಾಯಿತು.

"ಹೋದ ವರ್ಷದವರೆಗೂ ಜೀಪಲ್ಲಿ ಬಂದು ಗಂಡಸರನ್ನ ಹಿಡಕೊಂಡು ಹೋಗಿ ಆಪರೇಶನ್ ಮಾಡ್ತಿದ್ರಿ," ಯತ್ತಪ್ಪ ಎದ್ದು ನಿಂತ. "ಅವಾಗ್ಲೂ ನಿಮ್ ಒಳ್ಳೇದಕ್ಕೇ ಅಂತಿದ್ರಿ. ಎಮರ್ಜೆನ್ಸಿ ಹೋಯ್ತು, ನಿಮ್ ಚಾಕು ಇನ್ನೂ ಕೆಳಗಿಟ್ಟಿಲ್ಲ. ಬದುಕಿದ್ದೋರದ್ದು ಮುಗೀತು, ಈಗ ಹೆಣದ್ದು ಬೇಕಾ?"

"ನಾನು ಬೇಡ್ತಾ ಇದೀನಿ ಕಣಯ್ಯ, ಕಿತ್ಕೊಳ್ತಾ ಇಲ್ಲ," ಡಾಕ್ಟ್ರೂ ದನಿ ಏರಿಸಿದರು.

ಚಿತ್ತಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಮ್ಮಣ್ಣನ ಮೈ ಮುಟ್ಟಿ ನೋಡ್ರಿ, ಕೈ ಮುರೀತೀನಿ."

"ಕೊಯ್ಯೋಕೆ ನನ್ ಮಗ ಏನು ಕುರಿನಾ?" ದೊಡ್ಡಕ್ಕ ಎದೆ ಬಡಿದುಕೊಂಡಳು. "ನಿನ್ ಬಾಯಿಗೆ ಮಣ್ಣು ಹಾಕ!"

ಆವಾಗ ಜಯಕ್ಕ ಬಾಯಿ ಬಿಟ್ಟಳು. ಮಗುವನ್ನು ಕೆಳಗಿಳಿಸಿ, ಸೆರಗು ಸರಿಮಾಡಿಕೊಂಡು, ನಿಧಾನಕ್ಕೆ.

"ಕೊಯ್ಲಿ ಬಿಡು ಅತ್ತೆ. ಹೋದ ಕಾರ್ತೀಕದಲ್ಲಿ ಮಂದೇಲಿ ಮೂರು ಕುರಿ ಬಿದ್ದಾಗ ನೀನೇನು ಮಾಡ್ದೆ? ಕುಡುಗೋಲು ತಗೊಂಡು ನೀನೇ ಕೊಯ್ದೆ. ಈಲಿ ನೋಡ್ದೆ, ಗುಂಡಿಗೆ ನೋಡ್ದೆ, ಉಳಿದಿದ್ದಾದ್ರೂ ಉಳೀಲಿ ಅಂದೆ. ಕುರಿಗೆ ಇರೋ ಬೆಲೆ ನಿನ್ ಮಗನಿಗಿಲ್ವಾ?"

ಛಟೀರ್ ಅಂತ ಕೆನ್ನೆಗೆ ಬಿತ್ತು. ಬನ್ನು ತಿನ್ನುತ್ತಿದ್ದ ಮಗು ಚಿಟ್ಟನೆ ಚೀರಿತು. ಜಯಕ್ಕ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

ಆದರೆ ಮಾತು ದೊಡ್ಡಕ್ಕನ ತಲೆಯಲ್ಲಿ ಕುಂತಿತು. ಸುತ್ತಮುತ್ತ ಏಳು ಹಟ್ಟಿಯಲ್ಲಿ ಸತ್ತ ಕುರಿಯ ಒಳಗು ನೋಡಿ ರೋಗ ಹೇಳೋದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಗಂಡ ಕಲಿಸಿದ ವಿದ್ಯೆ, ಗಂಡನನ್ನೇ ಮೀರಿಸಿದ್ದಳು. ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಎಲೆಯಂಥ ಹುಳ ಇದ್ದರೆ ಕೆರೆಯಂಗಳದ ಹುಲ್ಲಿಂದ ಬಂದ ರೋಗ. ವಿಷದ ಸೊಪ್ಪು ತಿಂದಿದ್ದರೆ ಗುಂಡಿಗೆ ಮೇಲೆ ಕರಿಚುಕ್ಕೆ, ಸಾಸಿವೆ ಚೆಲ್ಲಿದಂಗೆ. ಮದ್ದು ಅಂದರೂ ವಿಷವೇ ತಾನೇ? ಕುರಿಗಾದ ಮೇಲೆ ಮನುಷ್ಯನಿಗೆ ಬೇರೆಯಾ? ಕೊಯ್ಯಲಿ! ಕರಿಚುಕ್ಕೆ ಕಾಣಲಿ! ಇದೇ ಬೀಗರ ಮುಂದೆ, ಇದೇ ಡಾಕ್ಟ್ರ ಮುಂದೆ ಇವಳ ಬಂಡವಾಳ ಬಯಲಾಗಲಿ, ಪೊಲೀಸಿನೋರು ಜುಟ್ಟು ಹಿಡಿದು ಎಳಕೊಂಡು ಹೋಗಲಿ. ಚಿತ್ತಪ್ಪನ ಮದುವೆಗೆ ಆಮೇಲೆ ಯಾವ ಕಲ್ಲೂ ಅಡ್ಡ ಇರಲ್ಲ.

"ಆಗ್ಲಿ!" ಅಂದಳು. "ಕೊಯ್ರಿ ಡಾಕ್ಟ್ರೇ. ಹೆಬ್ಬೆಟ್ಟು ಒತ್ತುತೀನಿ. ಆದ್ರೆ ಗುಂಡಿಗೆ ತೆಗೆದ ಮೇಲೆ ನನಗೆ ತೋರಿಸ್ಬೇಕು. ನಾನೇ ನೋಡ್ಬೇಕು."

"ಅವ್ವಾ!" ಅಂದ ಚಿತ್ತಪ್ಪ.

"ನೀನು ಸುಮ್ನಿರು. ಇವಳು ಹಾಕಿರೋ ವಿಷ ಎಲ್ಲರ ಕಣ್ಣಿಗೂ ಬೀಳ್ಲಿ."

"ಅದನ್ನೆಲ್ಲ ಮನೆಯೋರಿಗೆ ತೋರಿಸೋ ಪದ್ಧತಿ ಇಲ್ಲಮ್ಮ," ಅಂದರು ಡಾಕ್ಟ್ರು. "ನೋಡಿದ್ರೂ ನಿಮಗೇನು ತಿಳಿಯುತ್ತೆ?"

"ಮೂವತ್ತು ವರ್ಷದಿಂದ ಗುಂಡಿಗೆ ನೋಡಿದೀನಿ. ನೀವು ಎಷ್ಟು ವರ್ಷದಿಂದ?"

"ಹನ್ನೆರಡು," ಅಂದರು ಡಾಕ್ಟ್ರು. ಆಮೇಲೆ ಕಾಗದ ತರಿಸಿದರು. ಹೆಂಡತಿಯದೊಂದು ಹೆಬ್ಬೆಟ್ಟು, ತಾಯಿಯದೊಂದು ಹೆಬ್ಬೆಟ್ಟು ಬಿತ್ತು. ಅತ್ತೆ ಸೊಸೆ ಐದು ವರ್ಷದಲ್ಲಿ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಅದೊಂದೇ ಸಲ.

ಹತ್ತು ಗಂಟೆಗೆ ಒಳಗೆ ಕರೆದರು. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ತಟ್ಟೆ, ಅದರಲ್ಲಿ ತೊಳೆದು, ಸೀಳಿ, ಬಿಡಿಸಿಟ್ಟ ಗುಂಡಿಗೆ. ಯತ್ತಪ್ಪ ಬಂದ, ಜಯಕ್ಕ ಬಂದಳು. ಚಿತ್ತಪ್ಪ ಹೊಸ್ತಿಲು ದಾಟಲಿಲ್ಲ, ಬಾಗಿಲಲ್ಲೇ ಬೆನ್ನು ಮಾಡಿ ನಿಂತ.

ದೊಡ್ಡಕ್ಕ ಕೈ ತೊಳೆದಳು. ತಟ್ಟೆಯ ಮುಂದೆ ಬಂದವಳು ಕೈ ಚಾಚದೆ ನಿಂತಳು. ಎಷ್ಟೇ ಆಗಲಿ, ಅವಳ ಹೊಟ್ಟೆಯೊಳಗೇ ಮೊದಲು ಬಡಿದುಕೊಂಡಿದ್ದ ಗುಂಡಿಗೆ ಅದು. ಹಾಲುರಾಮೇಶ್ವರದ ಗಂಗೆಯ ಮುಂದೆ ಸೆರಗೊಡ್ಡಿ ಬೇಡಿ ಪಡೆದ ಮಗನದು. "ಅಯ್ಯೋ ನನ್ನಪ್ಪನೇ," ಅಂದಳು. ಆ ದಿನ ಅವಳು ಮಗನಿಗೆ ಅಂತ ಆಡಿದ ಮೊದಲ ಮಾತು ಅದು.

ಆಮೇಲೆ ಕಣ್ಣೊರೆಸಿಕೊಂಡು ಬಗ್ಗಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿತು. ಮೇಲೆಲ್ಲ ನೋಡಿದಳು. ಕರಿಚುಕ್ಕೆ ಇಲ್ಲ. ತಿರುಗಿಸಿ ನೋಡಿದಳು. ಇಲ್ಲ. ಬೆಳಕಿಗೆ ಹಿಡಿದು ನೋಡಿದಳು. ಒಂದು ಸಾಸಿವೆಕಾಳಿನಷ್ಟೂ ಕರಿ ಇಲ್ಲ. ವಿಷದ ವಾಸನೆಯೂ ಸುಳಿದಿರಲಿಲ್ಲ. ಸೀಳಿದ ಜಾಗ ಅಗಲಿಸಿ ಒಳಗೆ ಬೆರಳಿಟ್ಟಳು. ಎಡಕ್ಕೂ ಬಲಕ್ಕೂ ನಡುವೆ ಇರೋ ಗೋಡೆ ಎರಡು ಹೆಬ್ಬೆರಳು ಸೇರಿಸಿದಷ್ಟು ದಪ್ಪ ಇತ್ತು. ರಕ್ತ ನಿಲ್ಲಬೇಕಾದ ಪೊಳ್ಳು ಮುಚ್ಚಿಕೊಂಡು ಸಣ್ಣ ಸಂದಿಯಾಗಿತ್ತು. ಬೆರಳು ನಿಂತಿತು.

ಇದು ಅವಳಿಗೆ ಗೊತ್ತಿದ್ದ ಗುಂಡಿಗೆ. ಏಳೆಂಟು ವರ್ಷದ ಹಿಂದೆ ಅವಳ ಮಂದೆಯಲ್ಲಿ ಒಂದು ಕೆಂಚು ಕುರಿಯ ಮರಿಗಳು ನೆಗೆದಾಡುತ್ತ ನೆಗೆದಾಡುತ್ತ ಬಿದ್ದು ಸಾಯುತ್ತಿದ್ದವು. ಎರಡು ಮರಿ ಕೊಯ್ದಿದ್ದಳು. ಎರಡರದ್ದೂ ಹಿಂಗೇ, ಒಳಗೋಡೆ ದಪ್ಪ, ಪೊಳ್ಳು ಇಲ್ಲ. ಗಂಡ ಬದುಕಿದ್ದ ಆಗ. 'ಇದು ತಿಂದದ್ದರಿಂದ ಬಂದದ್ದಲ್ಲ ಕಣೇ, ಹುಟ್ಟಿನಿಂದ ಬಂದದ್ದು, ತಾಯಿ ತಳಿ ಕೆಟ್ಟೈತೆ' ಅಂದಿದ್ದ. ಕೆಂಚಿಯನ್ನೂ ಅದರ ಉಳಿದ ಮರಿಗಳನ್ನೂ ಅದೇ ವಾರ ಸಂತೆಗೆ ಹೊಡೆದಿದ್ದರು.

ತಳಿ ಗೊತ್ತಿರೋದು ಅವಳೊಬ್ಬಳಿಗೇ ಅಲ್ಲವಲ್ಲ. ಯತ್ತಪ್ಪನೂ ಕುರಿ ಸಾಕಿದವನೇ. ಅವನೂ ಬಗ್ಗಿ ನೋಡಿದ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

"ಇದು ಮದ್ದಲ್ಲ ದೊಡ್ಡಕ್ಕ," ಅಂದ. "ಇದು ಐದು ವರ್ಷದಲ್ಲಿ ಬೆಳೆದದ್ದೂ ಅಲ್ಲ. ಇದು ತಳಿದು."

ಜಯಕ್ಕ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಕೆನ್ನೆ ಮೇಲೆ ನಾಲ್ಕು ಬೆರಳು ಇನ್ನೂ ಕೆಂಪಗಿದ್ದವು.

"ಅವರು ಹೇಳಿದ್ದು ಸರಿ," ಅಂದರು ಡಾಕ್ಟ್ರು, ಸ್ವಲ್ಪ ಬೆರಗಿನಿಂದಲೇ. "ಇದು ವಂಶದಲ್ಲಿ ಬರೋದು. ತಮ್ಮನ್ನ ಈಗಲೇ ಪರೀಕ್ಷೆ ಮಾಡ್ಬೇಕು. ಅವನಿಗೂ ಇದ್ರೆ ಭಾರ ಎತ್ತಬಾರದು, ಓಡಬಾರದು. ಗೊತ್ತಿಲ್ಲದೆ ಎತ್ತಿದ್ರೆ ಇವನಂಗೇ."

"ಪರೀಕ್ಷೆ ಆಮೇಲೆ," ಯತ್ತಪ್ಪ ಕೈ ಅಡ್ಡ ಹಿಡಿದ. "ಮೊದ್ಲು ನನಗೊಂದು ಮಾತು ಬೇಕು. ನನ್ ಮಗಳ ಕುತ್ತಿಗೆ ಪ್ರಶ್ನೆ ಇದು. ದೊಡ್ಡಕ್ಕ, ನಿನ್ ಗಂಡನ ಕಡೆ ನನಗೆ ಗೊತ್ತು, ಎಲ್ಲ ಮುದುಕರಾಗಿ ಸತ್ತೋರು. ನಿನ್ ಕಡೆ? ಮನೆದೇವರ ಮೇಲೆ ಆಣೆ ಮಾಡಿ ಹೇಳು, ನಿನ್ ತವರಲ್ಲಿ ಹಿಂಗೆ ಯಾರೂ ಸತ್ತಿಲ್ಲ ಅಂತ. ಇವರಿಬ್ಬರ ಹಣೆಬರಹ ಇಷ್ಟೇ ಇತ್ತು ಅಂದ್ಕೊಂಡು ನಾನು ಹೆಣ್ಣು ಕೊಡ್ತೀನಿ. ನಾನು ಮಾತಿಗೆ ತಪ್ಪಲ್ಲ."

ನೋಡಿ, ಎಂಥ ಸಂಕಟ ತಂದಿಟ್ಟ ಪುಣ್ಯಾತ್ಮ! ಹೌದು ಅಂದರೆ ಮದುವೆ ಮುರೀತು. ಈ ಮದುವೆಯಲ್ಲ, ಯಾವ ಮದುವೆಯೂ ಆಗಲ್ಲ, ಸುದ್ದಿ ಏಳು ಹಟ್ಟಿ ತಿರುಗಿ ಬರುತ್ತೆ. ಇಲ್ಲ ಅಂದರೆ ಮಗ ಟಗರು ಎತ್ತುತ್ತಾನೆ, ತೋಳ ಅಟ್ಟುತ್ತಾನೆ. ದೊಡ್ಡಕ್ಕ ಬಾಗಿಲ ಕಡೆ ನೋಡಿದಳು. ಚಿತ್ತಪ್ಪ ತಿರುಗಿ ಅವಳನ್ನೇ ನೋಡುತ್ತಿದ್ದ. ಮದುವೆಗೆ ಅಂತ ಹೊಲಿಸಿದ್ದ ಹೊಸ ಅಂಗಿಯನ್ನು ಸಂತೆಗೇ ಹಾಕಿಕೊಂಡು ಬಂದಿದ್ದ ಪೆದ್ದ.

"ಮನೆದೇವರಾಣೆ, ಯಾರೂ ಇಲ್ಲ," ಅಂದಳು ದೊಡ್ಡಕ್ಕ.

"ಆಯ್ತಲ್ಲ?" ಚಿತ್ತಪ್ಪ ಡಾಕ್ಟ್ರ ಕಡೆ ಕೈ ತೋರಿದ. "ಅವ್ವ ದೇವರ ಮೇಲೆ ಆಣೆ ಇಟ್ಟಿದಾಳೆ. ನನ್ ಎದೆ ಸರಿ ಐತೆ. ನಾನು ಯಾವ ಸೂಜಿಗೂ ಕೈ ಕೊಡಲ್ಲ. ನಡೀರಿ, ಅಣ್ಣನ್ನ ತಗೊಂಡು ಹೋಗಾಣ."

ಹೊಲಿಗೆ ಹಾಕಿ, ಹಾಲಸ್ವಾಮಿಯದೇ ಕರಿಕಂಬಳಿಯಲ್ಲಿ ಸುತ್ತಿದ ಹೆಣವನ್ನು ಹಿಂದಿನ ಅಂಗಳಕ್ಕೆ ತಂದಿಟ್ಟಿದ್ದರು. ಲಾರಿ ಅಲ್ಲಿಗೇ ಬಂದು ನಿಂತಿತ್ತು. ಆಸ್ಪತ್ರೆಯ ಆಳುಗಳಿಬ್ಬರು ಕೈ ಕೊಡೋಕೆ ಬಂದರು. ಚಿತ್ತಪ್ಪ ಅವರನ್ನು ದಬ್ಬಿದ.

"ಕೊಯ್ದಿದ್ದು ಸಾಕು, ಇನ್ನು ನಮ್ಮಣ್ಣನ್ನ ಯಾರೂ ಮುಟ್ಟಬೇಡಿ. ನಾನೊಬ್ಬನೇ ಎತ್ತುತೀನಿ."

ಬಗ್ಗಿ ಎರಡೂ ತೋಳು ಕೆಳಗೆ ಹಾಕಿದ. ಹಾಲಸ್ವಾಮಿ ಸಣ್ಣ ಆಳಲ್ಲ. ಚಿತ್ತಪ್ಪ ಹಲ್ಲು ಕಚ್ಚಿ ಎತ್ತಿದ. ಮೊಣಕಾಲಮಟ್ಟ ಬಂತು, ನಡುಮಟ್ಟ ಬಂತು. ಲಾರಿಯ ಹಲಗೆ ಎದೆಮಟ್ಟ ಇತ್ತು. ಅವನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು, ಮುಖ ಕೆಂಪೇರಿ, ಆಮೇಲೆ ತುಟಿಯ ಸುತ್ತ ಬಿಳಿಚಿಕೊಂಡಿತು. ಅಣ್ಣ ಓಬಳೇಶಪ್ಪನ ತುಟಿ ಹಂಗೇ ಬಿಳಿಚಿದ್ದನ್ನು ದೊಡ್ಡಕ್ಕ ಹದಿನೈದು ವರ್ಷದ ಹುಡುಗಿಯಾಗಿದ್ದಾಗ ಒಂದು ಮಾರು ದೂರದಿಂದ ನೋಡಿದ್ದಳು.

"ಬಿಡೋ! ಕೆಳಗಿಡೋ ಲೇ! ಎತ್ತಬೇಡ!" ಅವಳು ಓಡಿದಳು. "ಸತ್ತಿದಾರೆ ಕಣೋ! ನಮ್ಮಣ್ಣಂದಿರಿಬ್ಬರೂ ಹಿಂಗೇ ಸತ್ರು! ಹಾವೂ ಕಚ್ಚಿಲ್ಲ, ಮರದಿಂದಾನೂ ಬಿದ್ದಿಲ್ಲ. ಸುಳ್ಳು, ಎಲ್ಲ ಸುಳ್ಳು! ನನ್ ಆಣೆ ಸುಳ್ಳು! ಕೆಳಗಿಡಪ್ಪ, ನಿನ್ ಕಾಲಿಗೆ ಬೀಳ್ತೀನಿ!"

ಚಿತ್ತಪ್ಪ ಹೆಣವನ್ನು ನಿಧಾನಕ್ಕೆ ಕೆಳಗಿಟ್ಟ. ಲಾರಿ ಮೇಲಿನ ಕುರಿಯೊಂದು ಸುಮ್ಮನೆ ಅರಚುತ್ತಿತ್ತು.

ಮೊದಲು ಕದಲಿದ್ದು ಯತ್ತಪ್ಪ. ಹೆಗಲ ಮೇಲಿನ ಟವೆಲ್ಲು ಕೊಡವಿದ. "ದೇವರ ಮೇಲೆ ಆಣೆ ಇಟ್ಟೆ ನೀನು," ಅಂದ. "ನನ್ ಮಗಳನ್ನ ಹಾಳುಬಾವಿಗೆ ತಳ್ತಿದ್ದೆ, ನಗನಗ್ತಾ ತಳ್ತಿದ್ದೆ. ಥೂ!" ಮಣ್ಣಿಗೆ ಬಾಯಿ ತುಂಬ ಉಗಿದ. ಹೆಣದ ಕಡೆ ತಿರುಗಿ ಒಮ್ಮೆ ಕೈ ಮುಗಿದು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಚಿತ್ತಪ್ಪ ತಾಯಿಯ ಮುಂದೆ ಬಂದು ನಿಂತ. "ಜುಂಜಣ್ಣ ಸತ್ತಾಗ ನಿಂಗೆ ಗೊತ್ತಿತ್ತು."

ದೊಡ್ಡಕ್ಕ ಹೌದು ಅಂತ ತಲೆಯಾಡಿಸಿದಳು.

"ಆಮೇಲೂ ನಮ್ಮಿಬ್ಬರ ಕೈಲೂ ಟಗರು ಎತ್ತಿಸಿದೆ. ಒಂಬತ್ತು ವರ್ಷ ಎತ್ತಿಸಿದೆ. ಊರೆಲ್ಲ ಕೇಳಂಗೆ ಅತ್ತಿಗೇರನ್ನ ಬೈಕೊಂಡು ತಿರುಗ್ದೆ. ನೀನು ತಾಯೇನೇ?"

ದೊಡ್ಡಕ್ಕ ಬಗ್ಗಿ, ಹೆಣದ ಮೇಲೆ ಜಾರಿದ್ದ ಕಂಬಳಿ ಸರಿಮಾಡಿದಳು.

ಡಾಕ್ಟ್ರು ಮೂವರನ್ನೂ ಒಳಗೆ ಕರೆದುಕೊಂಡು ಹೋದರು. ಚಿತ್ತಪ್ಪ ಈಗ ಎದುರಾಡಲಿಲ್ಲ, ಅಂಗಿ ಬಿಚ್ಚಿ ಮಲಗಿದ. ಎದೆಗೆ ಕೊಳವೆ ಇಟ್ಟು ಕೇಳಿದರು, ಎದ್ದು ನಿಲ್ಲಿಸಿ ಕೇಳಿದರು, ಕುಕ್ಕರುಗಾಲಲ್ಲಿ ಕೂರಿಸಿ ಕೇಳಿದರು, ತಂತಿ ಹಚ್ಚಿ ಉದ್ದನೆ ಕಾಗದದ ಮೇಲೆ ಗೀಟು ಎಳೆಸಿದರು. "ಇದೆ," ಅಂದರು. "ಅಣ್ಣನಷ್ಟು ಬಲಿತಿಲ್ಲ. ಮಾತ್ರೆ ಕೊಡ್ತೀನಿ. ಭಾರ ಎತ್ತಬೇಡ, ಓಡಬೇಡ. ಹಂಗಿದ್ರೆ ಬದುಕ್ತೀಯ."

"ಮಂದೆ ಹಿಂದೆ ಓಡದೇ ಇರೋನು ಯಾವ ಸೀಮೆ ಕುರಿಗಾರ?" ಅಂದ ಚಿತ್ತಪ್ಪ. ಅಂದವನು ರಕ್ತಕ್ಕೆ ತೋಳು ಚಾಚಿದ. ಮುಖ ಮಾತ್ರ ಗೋಡೆ ಕಡೆ ಇತ್ತು.

ಡಾಕ್ಟ್ರು ಜಯಕ್ಕನ ಕಡೆ ತಿರುಗಿದರು. "ಮಗೂನೂ ಕೊಡಮ್ಮ."

"ಮಗೂನಾ? ಯಾಕೆ?" ಅಂದಳು ಜಯಕ್ಕ. ಅಂದು ಮುಗಿಯೋ ಮುಂಚೆಯೇ ಅವಳಿಗೆ ತಿಳಿದುಹೋಯಿತು. ಬೆಳಗ್ಗಿಂದ ಅವಳು ಕಾಯುತ್ತಿದ್ದ ಗೆಲುವು ಇದು: ನಾನು ಕೊಂದಿಲ್ಲ, ನನ್ನದಲ್ಲ, ರಕ್ತದ್ದು. ಆ ರಕ್ತ ಅವಳ ಸೊಂಟದ ಮೇಲೆ ಕುಂತು ಬನ್ನಿನ ಚೂರು ಚೀಪುತ್ತಿತ್ತು. ಜಯಕ್ಕ ಅವತ್ತು ಮೊದಲ ಸಲ ಅತ್ತಳು. ಮಗುವಿನ ಎದೆಯಲ್ಲಿ ಸದ್ಯಕ್ಕೆ ಏನೂ ಕೇಳಿಸಲ್ಲ, ಆದರೆ ವರ್ಷಾ ವರ್ಷಾ ತರಬೇಕು, ಬೆಳೀತಾ ಬರೋ ಕಾಯಿಲೆ ಇದು ಅಂದರು ಡಾಕ್ಟ್ರು.

ದೊಡ್ಡಕ್ಕ ಮೊಮ್ಮಗಳ ತಲೆ ಸವರೋಕೆ ಕೈ ಮುಂದೆ ಮಾಡಿದಳು. "ಮುಟ್ಟಬೇಡ," ಅಂದಳು ಜಯಕ್ಕ. ಕೈ ಹಿಂದಕ್ಕೆ ಬಂತು.

ಕೊನೆಗೆ ದೊಡ್ಡಕ್ಕನದು. ಕೊಳವೆ ಇಟ್ಟ ಡಾಕ್ಟ್ರು ಹುಬ್ಬು ಗಂಟಿಕ್ಕಿದರು. ಇನ್ನೊಂದು ಜಾಗದಲ್ಲಿ ಇಟ್ಟರು, ಮತ್ತೆ ಅಲ್ಲಿಗೇ ಬಂದರು. "ನಿಮಗೂ ಇದೆಯಮ್ಮ," ಅಂದರು. "ಇವತ್ತು ಕೇಳಿದ ಎಲ್ಲರಿಗಿಂತ ನಿಮ್ಮದೇ ಜೋರು. ಎಷ್ಟು ವಯಸ್ಸು ನಿಮಗೆ?"

"ಐವತ್ತೆಂಟೋ, ಅರವತ್ತೋ."

"ಭಾರ ಎತ್ತಿದೀರಾ?"

"ಎತ್ತದೆ? ಗಂಡಸರ ಸಮಕ್ಕೂ ಎತ್ತಿದೀನಿ. ಮೂರು ಹೆತ್ತಿದೀನಿ, ಒಂದನ್ನ ಹೊಲದಲ್ಲೇ ಹೆತ್ತಿದೀನಿ." ದೊಡ್ಡಕ್ಕ ಡಾಕ್ಟ್ರ ತೋಳು ಹಿಡಿದಳು. "ಅಣ್ಣಂದಿರು ಹೋದ್ರು, ಮಕ್ಕಳು ಹೋದ್ರು. ನಾನ್ಯಾಕೆ ಸಾಯ್ಲಿಲ್ಲ ಡಾಕ್ಟ್ರೇ? ಬೀಳಬೇಕಾದೋಳು ನಾನ್ಯಾಕೆ ಬೀಳ್ಲಿಲ್ಲ?"

"ಗೊತ್ತಿಲ್ಲ," ಅಂದರು ಡಾಕ್ಟ್ರು. "ನಿಜವಾಗಲೂ ಯಾರಿಗೂ ಗೊತ್ತಿಲ್ಲ. ಇದನ್ನ ಇಟ್ಕೊಂಡು ನೀವು ಹೆಂಗ್ ಬದುಕಿದ್ರಿ ಅನ್ನೋದು ತಿಳಿದ್ರೆ, ಉಳಿದೋರನ್ನ ಬದುಕಿಸೋ ದಾರಿ ಸಿಗಬಹುದು. ಅದಕ್ಕೇ ನಿಮ್ಮ ರಕ್ತ ಬೇಕು. ಮುಂದೆ..." ಅಂದವರು ನಿಲ್ಲಿಸಿಬಿಟ್ಟರು. ಅಷ್ಟು ಒರಟು ಮನುಷ್ಯನಿಗೂ ಆ ಮಾತು ಮುಂದುವರಿಸೋಕೆ ಬಾಯಿ ಬರಲಿಲ್ಲ.

ಗುಂಡಿಗೆ ನೋಡೋಳಿಗೆ ಅದನ್ನು ಬಿಡಿಸಿ ಹೇಳಬೇಕಾ? ದೊಡ್ಡಕ್ಕ ಸೆರಗು ಸರಿಸಿ ಎದೆ ಮೇಲೆ ಕೈಯಿಟ್ಟುಕೊಂಡಳು.

"ಮುಂದೆ ಇದೂ ಬೇಕು. ಅಲ್ವಾ? ತಗೊಳ್ರಿ. ಈಗ್ಲೇ ಕಾಗದ ಬರೀರಿ. ಆದ್ರೆ ನಮ್ ಹಟ್ಟಿ ಇರೋದು ಹೊರಕೆರೆದೇವಪುರದಿಂದಾಚೆ. ಸತ್ತ ದಿನಾನೇ ಮಣ್ಣು ಮಾಡ್ತಾರೆ. ನಾನು ಸತ್ತೆ ಅಂತ ನಿಮಗೆ ಬಂದು ಹೇಳೋರು ಯಾರು?"

ಅವಳು ಮಗನ ಕಡೆ ನೋಡಿದಳು. ಚಿತ್ತಪ್ಪ ಗೋಡೆ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನಾನು ಹೇಳ್ತೀನಿ," ಅಂದಳು ಜಯಕ್ಕ.

ಕಣ್ಣೊರೆಸಿಕೊಂಡು, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಅವಳು ಮೇಜಿನ ಹತ್ತಿರ ಬಂದಳು. ಡಾಕ್ಟ್ರನ್ನು ನೋಡಲಿಲ್ಲ, ಅತ್ತೆಯನ್ನೇ ನೋಡಿದಳು.

"ನೀನು ಸತ್ತ ಗಳಿಗೇಲೇ ಹೊರಡ್ತೀನಿ ಅತ್ತೆ. ಬಸ್ಸಿಲ್ಲ ಅಂದ್ರೆ ಓಡಿ ಬರ್ತೀನಿ. ಅಳೋಕೆ ಕೂರಲ್ಲ, ನಿನ್ ಬಾಯಿಗೆ ನೀರೂ ಬಿಡಲ್ಲ. ಇವರು ಬಂದು ಕೊಯ್ಯೋವರೆಗೂ ನಿನ್ನ ಮಣ್ಣಿಗೆ ಇಳಿಸೋಕೆ ಬಿಡಲ್ಲ, ಹಟ್ಟಿಗೆ ಹಟ್ಟಿನೇ ಅಡ್ಡ ಬಂದ್ರೂ ಬಿಡಲ್ಲ. ನನ್ ಮಗಳಿಗೆ ಬೇಕು ಅದು."

ಡಾಕ್ಟ್ರು ಕಾಗದ ಬರೆದು ಮುಗಿಸೋವರೆಗೂ ದೊಡ್ಡಕ್ಕ ಹೆಬ್ಬೆಟ್ಟು ಒತ್ತೋಕೆ ಮೇಜಿನ ಪಕ್ಕದಲ್ಲೇ ನಿಂತಿದ್ದಳು.